‘ನನಗೆ ತಿಳಿದಿರಲಿಲ್ಲ’ ಎಂಬ ನೆಪ

ದೊಡ್ಡ ಕಂಪನಿಯೊಂದು ಸುಳ್ಳು ಲೆಕ್ಕದ ಭಾರಕ್ಕೆ ಕುಸಿದುಬಿದ್ದಾಗ ಅದರ ಮುಖ್ಯಸ್ಥರ ಬಾಯಿಂದ ಹೊರಡುವ ಮೊದಲ ಮಾತು ‘ನನಗೆ ತಿಳಿದಿರಲಿಲ್ಲ’ ಎಂಬುದು. ಲಾಭದ ವರ್ಷಗಳಲ್ಲಿ ಸಂಸ್ಥೆಯ ಪ್ರತಿಯೊಂದು ಯಶಸ್ಸಿಗೂ ತಮ್ಮ ದೂರದೃಷ್ಟಿಯೇ ಕಾರಣವೆಂದು ಹೇಳಿಕೊಂಡವರು, ಸಾಮಾನ್ಯ ನೌಕರನು ಕನಸಿನಲ್ಲಿಯೂ ಕಾಣದಷ್ಟು ಸಂಭಾವನೆ ಪಡೆದವರು, ನ್ಯಾಯಾಲಯದ ಕಟಕಟೆ ಏರಿದೊಡನೆ ಏನೂ ಅರಿಯದ ಮುಗ್ಧರಾಗಿಬಿಡುತ್ತಾರೆ. ಈ ಮಾತನ್ನು ನಾವು ಎಷ್ಟರಮಟ್ಟಿಗೆ ಒಪ್ಪಬೇಕು?

ಒಪ್ಪಬಾರದು ಎಂಬುದೇ ನನ್ನ ಉತ್ತರ. ಅವರೆಲ್ಲರೂ ಶುದ್ಧ ಸುಳ್ಳನ್ನೇ ಹೇಳುತ್ತಾರೆಂದು ನಾನು ಆರೋಪಿಸುತ್ತಿಲ್ಲ. ಕೆಲವರಿಗೆ ಕೆಲವು ವಿವರಗಳು ನಿಜವಾಗಿಯೂ ತಿಳಿದಿರಲಿಕ್ಕಿಲ್ಲ. ಆದರೆ ತಿಳಿಯಬೇಕಾದುದನ್ನು ತಿಳಿಯದಿರುವಂತೆ ತಾನೇ ಏರ್ಪಾಡು ಮಾಡಿಕೊಂಡವನಿಗೆ ಆ ಅಜ್ಞಾನವನ್ನು ಗುರಾಣಿಯಾಗಿ ಹಿಡಿಯುವ ಹಕ್ಕಿಲ್ಲ. ‘ಇದು ಶ್ರೀಮಂತರ ವ್ಯವಹಾರ, ನಮಗೇಕೆ?’ ಎಂದು ಓದುಗರು ಕೇಳಬಹುದು. ನಮ್ಮ ಕುಟುಂಬಗಳ ಭವಿಷ್ಯನಿಧಿ, ಮ್ಯೂಚುವಲ್ ಫಂಡಿನಲ್ಲಿಟ್ಟ ಉಳಿತಾಯ, ಮಕ್ಕಳ ಉದ್ಯೋಗ ಇವೆಲ್ಲವೂ ಇಂದು ಇಂಥ ಕಂಪನಿಗಳ ಲೆಕ್ಕಪುಸ್ತಕಗಳ ಮೇಲೆ ನಿಂತಿವೆ. ಆ ಪುಸ್ತಕಗಳಲ್ಲಿ ಅಂಕಿಗಳನ್ನು ಬರೆಯುವ ಮೇಜಿನ ಮುಂದೆ ಕುಳಿತವರು ಅನೇಕ ವೇಳೆ ನಮ್ಮ ಮನೆಯ ಮಕ್ಕಳೇ.

ಕಾಫಿಯ ಲೆಕ್ಕ, ಕಂಪನಿಯ ಲೆಕ್ಕ

ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಕ್ಲಿಂಟನ್ ಪಟ್ಟಣದಲ್ಲಿ ಕೇಂದ್ರ ಕಚೇರಿ ಹೊಂದಿದ್ದ ವರ್ಲ್ಡ್‌ಕಾಮ್ ಎಂಬ ದೂರವಾಣಿ ಕಂಪನಿ 2002ರ ಜುಲೈ 21ರಂದು ದಿವಾಳಿ ಅರ್ಜಿ ಸಲ್ಲಿಸಿತು. ಅಲ್ಲಿಯವರೆಗೆ ಆ ದೇಶ ಕಂಡ ಅತಿ ದೊಡ್ಡ ದಿವಾಳಿ ಅದು. ನಡೆದ ವಂಚನೆ ನಮಗೆ ಅರ್ಥವಾಗದಷ್ಟು ಜಟಿಲವೇನಲ್ಲ. ತನ್ನ ಗ್ರಾಹಕರ ಕರೆಗಳನ್ನು ಮುಟ್ಟಿಸಲು ಇತರ ಕಂಪನಿಗಳ ತಂತಿಜಾಲವನ್ನು ಬಳಸಿದ್ದಕ್ಕೆ ವರ್ಲ್ಡ್‌ಕಾಮ್ ಹಣ ತೆರಬೇಕಿತ್ತು. ಅದು ದಿನನಿತ್ಯದ ಖರ್ಚು. ಆ ಖರ್ಚನ್ನು ಖರ್ಚೆಂದು ತೋರಿಸದೆ, ಕಟ್ಟಡವನ್ನೋ ಯಂತ್ರವನ್ನೋ ಕೊಂಡಂತೆ ಆಸ್ತಿಯ ಪಟ್ಟಿಯಲ್ಲಿ ಬರೆದರು. ಗೃಹಸ್ಥನೊಬ್ಬ ಕಟ್ಟಿದ ಮನೆಬಾಡಿಗೆಯನ್ನು ‘ಮನೆ ಕೊಂಡೆ’ ಎಂದು ಬರೆದಿಟ್ಟುಕೊಂಡರೆ ಹೇಗೋ ಹಾಗೆ. ಖರ್ಚು ಮಾಯವಾಯಿತು, ನಷ್ಟದ ಜಾಗದಲ್ಲಿ ಲಾಭ ಕಾಣಿಸಿತು. ಹೀಗೆ ಮೊದಲು ಬಯಲಾದ ಮೊತ್ತ 380 ಕೋಟಿ ಡಾಲರ್. ಇತರ ಬಗೆಯ ಸುಳ್ಳು ಲೆಕ್ಕಗಳೂ ಹೊರಬಂದಂತೆ ಅದು ಸುಮಾರು 1,100 ಕೋಟಿ ಡಾಲರಿಗೆ ಏರಿತು.

ಕಂಪನಿಯ ಮುಖ್ಯಸ್ಥ ಬರ್ನಾರ್ಡ್ ಎಬ್ಬರ್ಸ್ 2005ರಲ್ಲಿ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದಾಗ, ತಮಗೆ ತಂತ್ರಜ್ಞಾನವೂ ಗೊತ್ತಿಲ್ಲ, ಹಣಕಾಸು ಮತ್ತು ಲೆಕ್ಕಪತ್ರವೂ ಗೊತ್ತಿಲ್ಲ ಎಂದರು. ಹಾಗಾದರೆ ಅವರಿಗೆ ಗೊತ್ತಿದ್ದುದೇನು? ನೌಕರರಿಗೆ ಕೊಡುತ್ತಿದ್ದ ಉಚಿತ ಕಾಫಿಯಂಥ ಸಣ್ಣ ಖರ್ಚಿನ ಮೇಲೂ ಅವರು ಕಣ್ಣಿಟ್ಟಿದ್ದರೆಂಬುದು ವಿಚಾರಣೆಯಲ್ಲಿ ಹೊರಬಂದಿತು. ಕಾಫಿಪುಡಿಯ ಲೆಕ್ಕ ತಿಳಿದಿದ್ದವರಿಗೆ ಕಂಪನಿಯ ಅತಿ ದೊಡ್ಡ ಖರ್ಚು ಕರಗಿಹೋದದ್ದು ತಿಳಿಯಲಿಲ್ಲವೆಂದರೆ ನಂಬುವುದು ಹೇಗೆ? ತೀರ್ಪುಗಾರರ ಮಂಡಲಿ ನಂಬಲಿಲ್ಲ. ಒಂಬತ್ತೂ ಆರೋಪಗಳಲ್ಲಿ ಅವರನ್ನು ತಪ್ಪಿತಸ್ಥರೆಂದು ಸಾರಿತು. 25 ವರ್ಷಗಳ ಶಿಕ್ಷೆಯಾಯಿತು. ಅನಾರೋಗ್ಯದ ಕಾರಣ 2019ರ ಡಿಸೆಂಬರಿನಲ್ಲಿ ಬಿಡುಗಡೆ ಹೊಂದಿ, 2020ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು.

ಇದೇ ಕಥೆಯ ಇನ್ನೊಂದು ಮುಖವನ್ನು ನಾವು ಗಮನಿಸಬೇಕು. ಈ ವಂಚನೆಯನ್ನು ಹೊರಗೆಳೆದವರು ಸರ್ಕಾರದ ತನಿಖಾಧಿಕಾರಿಗಳಲ್ಲ. ಅದೇ ಕಂಪನಿಯ ಆಂತರಿಕ ಲೆಕ್ಕಪರಿಶೋಧನೆಯ ಮುಖ್ಯಸ್ಥೆ ಸಿಂಥಿಯಾ ಕೂಪರ್ ಮತ್ತು ಅವರ ಕೆಲವು ಸಹೋದ್ಯೋಗಿಗಳು. ತಮ್ಮ ಮೇಲಧಿಕಾರಿಯೂ ಹಣಕಾಸು ಮುಖ್ಯಸ್ಥನೂ ಆಗಿದ್ದ ಸ್ಕಾಟ್ ಸಲಿವನ್ ‘ಈ ಪರಿಶೀಲನೆಯನ್ನು ಮುಂದೂಡಿ’ ಎಂದರೂ ಅವರು ಬಿಡಲಿಲ್ಲ. 2002ರ ಬೇಸಿಗೆಯಲ್ಲಿ ಸದ್ದಿಲ್ಲದೆ ರಾತ್ರಿಯೂ ಕುಳಿತು ಕಡತಗಳನ್ನು ಶೋಧಿಸಿದರು. ಅಂದರೆ ಸತ್ಯವು ಏಳು ಬೀಗಗಳ ಹಿಂದೆ ಅಡಗಿರಲಿಲ್ಲ. ಕೇಳಿದವರಿಗೆ ಸಿಕ್ಕಿತು. ಅವರಿಗಿಂತ ನೂರು ಪಟ್ಟು ಅಧಿಕಾರವಿದ್ದವರು ಕೇಳಲಿಲ್ಲ.

ಎಚ್ಚರಿಕೆ ಬಂದ ಮೇಲೂ ಅಜ್ಞಾನ

ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ನಿನಲ್ಲಿದ್ದ ಎನ್ರಾನ್ ಎಂಬ ಇಂಧನ ಕಂಪನಿಯ ಪ್ರಕರಣ ಇದಕ್ಕಿಂತಲೂ ಬೋಧಪ್ರದ. ಸಾಲವನ್ನೂ ನಷ್ಟವನ್ನೂ ತನ್ನ ಪುಸ್ತಕದಿಂದ ಮರೆಮಾಡಲು ಅದು ಹಲವಾರು ಪಾಲುದಾರಿಕೆ ಸಂಸ್ಥೆಗಳನ್ನು ಬಳಸಿಕೊಂಡಿತು. ಅವುಗಳಲ್ಲಿ ಕೆಲವನ್ನು ನಡೆಸುತ್ತಿದ್ದವನು ಎನ್ರಾನಿನ ಹಣಕಾಸು ಮುಖ್ಯಸ್ಥ ಆಂಡ್ರ್ಯೂ ಫಾಸ್ಟೋ. ಕಂಪನಿಯ ಪರವಾಗಿ ವ್ಯವಹರಿಸಬೇಕಾದವನೇ ಎದುರು ಪಕ್ಷದಲ್ಲಿಯೂ ಕುಳಿತು ಲಾಭ ಗಳಿಸುವುದಕ್ಕೆ ನೀತಿಸಂಹಿತೆ ಅಡ್ಡಬಂದಾಗ, 1999ರಲ್ಲಿ ಆಡಳಿತ ಮಂಡಳಿ ಆ ಸಂಹಿತೆಯಿಂದಲೇ ಅವನಿಗೆ ವಿನಾಯಿತಿ ಕೊಟ್ಟಿತು. ಬೇಲಿಯೇ ಎದ್ದು ಹೊಲ ಮೇಯಲು ಊರ ಹಿರಿಯರೇ ಅಪ್ಪಣೆ ಕೊಟ್ಟಂತಾಯಿತು.

2001ರ ಆಗಸ್ಟ್ 14ರಂದು ಮುಖ್ಯ ಕಾರ್ಯನಿರ್ವಾಹಕ ಜೆಫ್ರಿ ಸ್ಕಿಲ್ಲಿಂಗ್ ಏಕಾಏಕಿ ರಾಜೀನಾಮೆ ಕೊಟ್ಟರು. ಮರುದಿನವೇ ಉಪಾಧ್ಯಕ್ಷೆಯರಲ್ಲಿ ಒಬ್ಬರಾದ ಶೆರನ್ ವಾಟ್ಕಿನ್ಸ್, ಲೆಕ್ಕಪತ್ರದ ಹಗರಣಗಳಿಂದ ಕಂಪನಿ ಕುಸಿಯಬಹುದೆಂದು ಅಧ್ಯಕ್ಷ ಕೆನೆತ್ ಲೇ ಅವರಿಗೆ ಪತ್ರ ಬರೆದರು. ಒಂದು ವಾರದ ನಂತರ ಮುಖತಃ ಭೇಟಿಯಾಗಿ ವಿವರಿಸಿದರು. ಅಧ್ಯಕ್ಷರು ಮಾಡಿದ್ದೇನು? ಕಂಪನಿಗೆ ಸಲಹೆ ಕೊಡುತ್ತ ಬಂದಿದ್ದ ವಕೀಲರ ಸಂಸ್ಥೆಗೇ ಪ್ರಾಥಮಿಕ ವಿಚಾರಣೆ ಒಪ್ಪಿಸಲಾಯಿತು. ಲೆಕ್ಕಪರಿಶೋಧಕರು ಒಪ್ಪಿದ ಲೆಕ್ಕವನ್ನು ಪ್ರಶ್ನಿಸುವುದು ಆ ವಿಚಾರಣೆಯ ವ್ಯಾಪ್ತಿಯಲ್ಲಿರಲಿಲ್ಲ. ಬೆಂಕಿ ಬಿದ್ದಿದೆಯೇ ನೋಡಿ ಬನ್ನಿ, ಆದರೆ ಅಡುಗೆಮನೆಯ ಬಾಗಿಲು ಮಾತ್ರ ತೆರೆಯಬೇಡಿ ಎಂದಂತೆ! ಈ ನಡುವೆ, ಎಚ್ಚರಿಸಿದ ಆ ಮಹಿಳೆಯನ್ನು ಕೆಲಸದಿಂದ ತೆಗೆದರೆ ಕಾನೂನಿನ ಪರಿಣಾಮಗಳೇನು ಎಂಬ ಬಗ್ಗೆ ವಕೀಲರ ಅಭಿಪ್ರಾಯವೂ ಬಂದಿತು.

ಸೆಪ್ಟೆಂಬರ್ 26ರಂದು, ಅಂದರೆ ಎಚ್ಚರಿಕೆ ಕೈಸೇರಿ ಆರು ವಾರಗಳಾದ ಮೇಲೆ, ಕೆನೆತ್ ಲೇ ತಮ್ಮ ನೌಕರರಿಗೆ ಕಂಪನಿಯ ಷೇರು ಈಗ ಬಹಳ ಅಗ್ಗವಾಗಿ ಸಿಗುತ್ತಿದೆ ಎಂದರು. ಆ ನೌಕರರ ನಿವೃತ್ತಿ ನಿಧಿಯ ಅರ್ಧಕ್ಕಿಂತ ಹೆಚ್ಚು ಹಣ ಅದೇ ಷೇರಿನಲ್ಲಿತ್ತು. ಒಂದು ಕಾಲಕ್ಕೆ 90 ಡಾಲರ್ ಬಾಳಿದ್ದ ಷೇರು ಒಂದು ಡಾಲರಿಗಿಂತ ಕೆಳಗಿಳಿಯಿತು. ಡಿಸೆಂಬರ್ 2ರಂದು ಕಂಪನಿ ದಿವಾಳಿಯಾಯಿತು. ಸಾವಿರಾರು ಮಂದಿ ಕೆಲಸವನ್ನೂ ವೃದ್ಧಾಪ್ಯದ ಊರುಗೋಲನ್ನೂ ಒಟ್ಟಿಗೆ ಕಳೆದುಕೊಂಡರು.

ಹಾರ್ವರ್ಡಿನಲ್ಲಿ ವ್ಯವಹಾರಶಾಸ್ತ್ರ ಓದಿದ ಸ್ಕಿಲ್ಲಿಂಗ್ 2002ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ, ತಾವು ಲೆಕ್ಕಿಗರಲ್ಲ ಎಂದರು. ಫಾಸ್ಟೋ ತಮ್ಮನ್ನು ವಂಚಿಸಿದನೆಂದು ಲೇ ವಾದಿಸಿದರು. 2006ರ ಮೇ 25ರಂದು ಇಬ್ಬರೂ ಅಪರಾಧಿಗಳೆಂದು ತೀರ್ಮಾನವಾಯಿತು. ಸ್ಕಿಲ್ಲಿಂಗ್ ಅವರ 24 ವರ್ಷಗಳ ಶಿಕ್ಷೆ 2013ರಲ್ಲಿ 14 ವರ್ಷಗಳಿಗೆ ಇಳಿಯಿತು, 2019ರಲ್ಲಿ ಅವರು ಹೊರಬಂದರು. ಲೇ ಅವರು ಶಿಕ್ಷೆ ಪ್ರಕಟವಾಗುವ ಮೊದಲೇ, 2006ರ ಜುಲೈ 5ರಂದು ನಿಧನರಾದರು. ಮೇಲ್ಮನವಿಗೆ ಅವಕಾಶವಿಲ್ಲದೆ ತೀರಿಕೊಂಡವರ ವಿಷಯದಲ್ಲಿ ಅಲ್ಲಿನ ಕಾನೂನಿನ ನಿಯಮದಂತೆ ಆ ತೀರ್ಪು ರದ್ದಾಯಿತು.

ಉಷ್ಟ್ರಪಕ್ಷಿಯಲ್ಲ, ಬೆಕ್ಕು

ಎನ್ರಾನ್ ವಿಚಾರಣೆಯಲ್ಲಿ ನ್ಯಾಯಾಧೀಶರು ತೀರ್ಪುಗಾರರಿಗೆ ಒಂದು ಮುಖ್ಯ ಸೂಚನೆ ಕೊಟ್ಟರು. ಎದುರಿಗಿರುವ ಸತ್ಯಕ್ಕೆ ಒಬ್ಬನು ಉದ್ದೇಶಪೂರ್ವಕವಾಗಿ ಕಣ್ಣು ಮುಚ್ಚಿಕೊಂಡಿದ್ದರೆ, ಅವನಿಗೆ ಅದು ತಿಳಿದಿತ್ತೆಂದು ಭಾವಿಸಬಹುದು ಎಂಬುದು ಅದರ ತಾತ್ಪರ್ಯ. ಅಲ್ಲಿನ ವಕೀಲರು ಇದನ್ನು ಉಷ್ಟ್ರಪಕ್ಷಿಯ ಸೂಚನೆ ಎನ್ನುತ್ತಾರೆ, ಮರಳಿನಲ್ಲಿ ತಲೆ ಹುದುಗಿಸುವುದೆಂಬ ಹಕ್ಕಿಯ ನೆನಪಿನಿಂದ. ನಮ್ಮ ನಾಡಿನಲ್ಲಿ ಇದಕ್ಕಿಂತ ನಿಖರವಾದ ಹೋಲಿಕೆಯಿದೆ: ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವ ಬೆಕ್ಕು. ಉಷ್ಟ್ರಪಕ್ಷಿ ಹೆದರಿ ತಲೆ ಹುದುಗಿಸುತ್ತದೆ. ಅದಕ್ಕೆ ಅದರಿಂದ ದೊರೆಯುವುದು ಏನೂ ಇಲ್ಲ. ಬೆಕ್ಕಿನ ಕಣ್ಣು ಮುಚ್ಚಿದ್ದರೂ ನಾಲಗೆ ಮಾತ್ರ ಕೆಲಸ ಮಾಡುತ್ತಲೇ ಇರುತ್ತದೆ. ಏನೂ ತಿಳಿಯದಿದ್ದ ಅಧಿಕಾರಿಗಳು ಲಾಭಾಂಶವನ್ನೂ ಬೋನಸನ್ನೂ ಕಂಪನಿಯ ಸಾಲವನ್ನೂ ಪಡೆಯುವುದನ್ನು ಮಾತ್ರ ಮರೆಯಲಿಲ್ಲ. ಎಬ್ಬರ್ಸ್ ಅವರಿಗೆ ವರ್ಲ್ಡ್‌ಕಾಮ್ ಕೊಟ್ಟ ಸಾಲ ಮತ್ತು ಖಾತರಿಯೇ 40 ಕೋಟಿ ಡಾಲರ್ ಮೀರಿತ್ತು.

ಆತ್ಮಸಾಕ್ಷಿಯ ಶಾಸ್ತ್ರಕ್ಕೆ ಈ ವಿಷಯ ಹೊಸದಲ್ಲ. ಹದಿಮೂರನೆಯ ಶತಮಾನದಲ್ಲಿಯೇ ಸಂತ ತೋಮಸ್ ಅಕ್ವಿನಾಸರು ಅಜ್ಞಾನವೆಲ್ಲವೂ ಒಂದೇ ಅಲ್ಲವೆಂದು ವಿಂಗಡಿಸಿದರು. ಎಷ್ಟು ಯತ್ನಿಸಿದರೂ ನೀಗಲಾಗದ ಅಜ್ಞಾನ ಒಂದು, ಅದಕ್ಕೆ ದೋಷವಿಲ್ಲ. ತಿಳಿಯಬಹುದಾದುದನ್ನೂ ತಿಳಿಯಲೇಬೇಕಾದುದನ್ನೂ ಅಲಕ್ಷ್ಯದಿಂದ ತಿಳಿಯದಿರುವುದು ಇನ್ನೊಂದು, ಅದು ದೋಷ. ಪಾಪವನ್ನು ನಿರಾತಂಕವಾಗಿ ಮುಂದುವರಿಸಲೆಂದು ಬೇಕೆಂದೇ ತಿಳಿಯದೆ ಉಳಿಯುವುದು ಮೂರನೆಯದು. ಈ ಮೂರನೆಯದು ಹೊಣೆಯನ್ನು ತಗ್ಗಿಸುವುದಿಲ್ಲ, ಹೆಚ್ಚಿಸುತ್ತದೆ ಎಂಬುದೇ ಧರ್ಮಸಭೆಯ ಬೋಧನೆ. ಏಕೆಂದರೆ ಅಲ್ಲಿ ತಪ್ಪಿನ ಜೊತೆಗೆ ತಪ್ಪಿಸಿಕೊಳ್ಳುವ ದಾರಿಯನ್ನೂ ಮೊದಲೇ ಯೋಜಿಸಲಾಗಿರುತ್ತದೆ.

ಈ ಯೋಜನೆ ಹೇಗೆ ನಡೆಯುತ್ತದೆ? ನಮ್ಮ ಕಚೇರಿಗಳಲ್ಲಿ ದಿನನಿತ್ಯ ಕೇಳಿಬರುವ ಒಂದು ಮಾತನ್ನು ನೆನೆಯಿರಿ: ‘ಹೇಗೆ ಮಾಡುತ್ತೀರೋ ನನಗೆ ಗೊತ್ತಿಲ್ಲ, ತಿಂಗಳ ಕೊನೆಗೆ ಕೆಲಸ ಆಗಿರಬೇಕು.’ ನಾವು ಇದನ್ನು ದಕ್ಷತೆಯ ಲಕ್ಷಣವೆಂದು ಮೆಚ್ಚುತ್ತೇವೆ. ಆದರೆ ಗಮನಿಸಿ: ‘ನನಗೆ ಗೊತ್ತಿಲ್ಲ’ ಎಂಬ ಅದೇ ಮಾತನ್ನು ಮುಖ್ಯಸ್ಥನು ಎರಡು ಸಲ ಆಡುತ್ತಾನೆ. ಮೊದಲ ಸಲ ಆಜ್ಞೆಯಾಗಿ, ಎರಡನೆಯ ಸಲ ಪ್ರತಿವಾದವಾಗಿ. ನ್ಯಾಯಾಲಯದಲ್ಲಿ ಹೇಳುವ ‘ಗೊತ್ತಿಲ್ಲ’ದ ಬೀಜವನ್ನು ವರ್ಷಗಳ ಹಿಂದೆಯೇ ಸಭಾಕೊಠಡಿಯಲ್ಲಿ ಬಿತ್ತಲಾಗಿರುತ್ತದೆ.

ಬೆಲೆ ತೆತ್ತವರು ಯಾರು?

ಈ ನೆಪದ ಬೆಲೆಯನ್ನು ತೆರುವವರು ಕೆಳಗಿನವರು. ವರ್ಲ್ಡ್‌ಕಾಮಿನಲ್ಲಿ ಸುಳ್ಳು ನಮೂದುಗಳನ್ನು ಬರೆದ ಮಧ್ಯಮ ಹಂತದ ಲೆಕ್ಕಪತ್ರ ಅಧಿಕಾರಿಣಿಯೊಬ್ಬರು ಮೊದಲು ವಿರೋಧಿಸಿದ್ದರು, ರಾಜೀನಾಮೆಗೂ ಮುಂದಾಗಿದ್ದರು. ಇದೊಂದೇ ಸಲ ಎಂದು ಮೇಲಿನವರು ಒಪ್ಪಿಸಿದರು. ಒಂದೇ ಸಲ ಎಂಬುದು ಮತ್ತೆ ಮತ್ತೆ ಬಂದಿತು. ಕೊನೆಗೆ ಆ ತಾಯಿ ಐದು ತಿಂಗಳ ಸೆರೆವಾಸ ಅನುಭವಿಸಿದರು. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನಲ್ಲಿ ಪ್ರತಿಯೊಬ್ಬ ಗ್ರಾಹಕನಿಗೂ ಎಂಟು ಬಗೆಯ ಸೇವೆ ಮಾರಬೇಕೆಂಬ ಗುರಿಯ ಒತ್ತಡಕ್ಕೆ ಸಿಕ್ಕ ನೌಕರರು, ಗ್ರಾಹಕರ ಒಪ್ಪಿಗೆಯಿಲ್ಲದೆ ಲಕ್ಷಾಂತರ ಖಾತೆ ತೆರೆದದ್ದು 2016ರಲ್ಲಿ ಬಯಲಾಯಿತು. ಅಷ್ಟರಲ್ಲಿ ಸುಮಾರು 5,300 ನೌಕರರನ್ನು ಬ್ಯಾಂಕು ಹೊರಹಾಕಿತ್ತು. ಗುರಿಯನ್ನು ನೌಕರರ ಮೇಲೆ ಹೇರಿದ್ದು ಮೇಲಿನವರು, ಮೊದಲು ಕೆಲಸ ಕಳೆದುಕೊಂಡವರು ಕೆಳಗಿನವರು. ಮುಖ್ಯಸ್ಥ ಜಾನ್ ಸ್ಟಂಪ್ ಅವರಿಗೆ 175 ಲಕ್ಷ ಡಾಲರ್ ದಂಡವೂ ಬ್ಯಾಂಕಿಂಗ್ ಕ್ಷೇತ್ರದಿಂದ ಆಜೀವ ನಿಷೇಧವೂ ಬಂದದ್ದು 2020ರಲ್ಲಿ.

ನಮ್ಮ ದೇಶವೂ ಇದಕ್ಕೆ ಹೊರತಲ್ಲ. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್ ಸಂಸ್ಥೆಯ ಅಧ್ಯಕ್ಷ ಬಿ. ರಾಮಲಿಂಗ ರಾಜು ಬರೆದ ಪತ್ರ ದೇಶವನ್ನೇ ಬೆಚ್ಚಿಬೀಳಿಸಿತು. ಪುಸ್ತಕದಲ್ಲಿ ನಗದು ಮತ್ತು ಬ್ಯಾಂಕ್ ಬಾಕಿ ಎಂದು ತೋರಿಸಿದ್ದ 5,361 ಕೋಟಿ ರೂಪಾಯಿಗಳಲ್ಲಿ 5,040 ಕೋಟಿ ಇರಲೇ ಇಲ್ಲ! ಆಡಳಿತ ಮಂಡಳಿಯ ಇತರರಿಗೆ ಇದು ತಿಳಿದಿರಲಿಲ್ಲವೆಂದು ಅದೇ ಪತ್ರ ಹೇಳಿತು. ಆ ಮಾತು ನಿಜವೆಂದೇ ಇಟ್ಟುಕೊಳ್ಳೋಣ. ಕೇಂದ್ರ ಸರ್ಕಾರದ ಮಾಜಿ ಸಂಪುಟ ಕಾರ್ಯದರ್ಶಿ, ಹಾರ್ವರ್ಡಿನ ಪ್ರಾಧ್ಯಾಪಕರು, ಪ್ರತಿಷ್ಠಿತ ವ್ಯವಹಾರ ಶಾಲೆಯ ಮುಖ್ಯಸ್ಥರು ಕುಳಿತಿದ್ದ ಮಂಡಳಿ ಅದು. ಬ್ಯಾಂಕಿನಲ್ಲಿ ಹಣವಿದೆಯೇ ಎಂದು ಅರಿಯಲು ಪಾಂಡಿತ್ಯ ಬೇಕಿಲ್ಲ, ಬ್ಯಾಂಕನ್ನೇ ಕೇಳಿದರೆ ಸಾಕು. ಲೆಕ್ಕಪರಿಶೋಧಕರು ಆ ನೇರ ದೃಢೀಕರಣವನ್ನು ಸರಿಯಾಗಿ ಪಡೆಯಲಿಲ್ಲವೆಂದು 2011ರಲ್ಲಿ ಅಮೆರಿಕದ ಷೇರು ನಿಯಂತ್ರಣ ಸಂಸ್ಥೆ ಹೇಳಿತು. ಹಗರಣ ಹೊರಬೀಳುವ ಕೆಲವೇ ತಿಂಗಳ ಹಿಂದೆ ಉತ್ತಮ ಆಡಳಿತಕ್ಕಾಗಿ ಇದೇ ಕಂಪನಿಗೆ ‘ಗೋಲ್ಡನ್ ಪೀಕಾಕ್’ ಪ್ರಶಸ್ತಿ ಸಂದಿತ್ತು. 2015ರ ಏಪ್ರಿಲ್‌ನಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯ ರಾಜು ಸೇರಿ ಹತ್ತು ಮಂದಿಯನ್ನು ಅಪರಾಧಿಗಳೆಂದು ಸಾರಿತು.

ಎದುರು ಮಾತಿಗೆ ಉತ್ತರ

‘ಲಕ್ಷ ಜನ ದುಡಿಯುವ ಸಂಸ್ಥೆಯಲ್ಲಿ ಒಬ್ಬನೇ ಮನುಷ್ಯ ಎಲ್ಲವನ್ನೂ ಹೇಗೆ ತಿಳಿಯಬಲ್ಲ?’ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಎಲ್ಲವನ್ನೂ ತಿಳಿಯಲಾರ, ನಿಜ. ಆದರೆ ಕಂಪನಿಯ ಲಾಭ ಎಲ್ಲಿಂದ ಬಂದಿತು, ಹಣ ಎಲ್ಲಿದೆ ಎಂಬ ಎರಡು ಸಂಗತಿಗಳನ್ನು ತಿಳಿಯುವುದಕ್ಕಾಗಿಯೇ ಅವನಿಗೆ ಆ ಪೀಠವನ್ನು ಕೊಡಲಾಗಿದೆ. ಸಾರಥಿಗೆ ಚಕ್ರದ ಪ್ರತಿಯೊಂದು ಮೊಳೆಯೂ ತಿಳಿದಿರಬೇಕಿಲ್ಲ, ರಥ ಹೋಗುತ್ತಿರುವ ದಿಕ್ಕು ತಿಳಿದಿರಬೇಕು.

‘ಸಾಕ್ಷ್ಯವಿಲ್ಲದೆ ಯಾರನ್ನೂ ಸೆರೆಗೆ ತಳ್ಳಬಾರದು’ ಎಂಬುದು ಇನ್ನೊಂದು ಆಕ್ಷೇಪ. ಇದನ್ನೂ ನಾನು ಗೌರವಿಸುತ್ತೇನೆ. ಹೆಲ್ತ್‌ಸೌತ್ ಎಂಬ ಆಸ್ಪತ್ರೆಗಳ ಕಂಪನಿಯ ಸ್ಥಾಪಕ ರಿಚರ್ಡ್ ಸ್ಕ್ರೂಶಿ ವಿರುದ್ಧ ಐವರು ಮಾಜಿ ಹಣಕಾಸು ಮುಖ್ಯಸ್ಥರು ತಪ್ಪೊಪ್ಪಿಕೊಂಡು ಸಾಕ್ಷಿ ನುಡಿದರೂ, 2005ರ ಜೂನಿನಲ್ಲಿ ತೀರ್ಪುಗಾರರು ಅವರನ್ನು ಆ ಲೆಕ್ಕವಂಚನೆಯ ಆರೋಪಗಳಿಂದ ಬಿಡುಗಡೆ ಮಾಡಿದರು. ಆದರೆ 2009ರಲ್ಲಿ ಷೇರುದಾರರ ಪರವಾದ ಸಿವಿಲ್ ದಾವೆಯಲ್ಲಿ ಅಲಬಾಮಾದ ನ್ಯಾಯಾಧೀಶರು ಅದೇ ವಂಚನೆಗೆ ಅವರನ್ನು ಹೊಣೆಯಾಗಿಸಿ 280 ಕೋಟಿ ಡಾಲರಿಗೂ ಹೆಚ್ಚು ಕೊಡುವಂತೆ ಆಜ್ಞಾಪಿಸಿದರು. ಇದರಿಂದ ನಾವು ಕಲಿಯಬೇಕಾದ ಪಾಠ ಸ್ಪಷ್ಟ. ಸೆರೆಮನೆಯ ಬಾಗಿಲು ಮುಚ್ಚಿದೊಡನೆ ಹೊಣೆಗಾರಿಕೆಯ ಬಾಗಿಲೂ ಮುಚ್ಚುವುದಿಲ್ಲ. ‘ಶಿಕ್ಷಾರ್ಹನಲ್ಲ’ ಎಂಬುದೂ ‘ಹೊಣೆಯಲ್ಲ’ ಎಂಬುದೂ ಬೇರೆ ಬೇರೆ.

ಕಾನೂನು ಈ ದಿಕ್ಕಿನಲ್ಲಿ ಕೆಲವು ಹೆಜ್ಜೆಗಳನ್ನಿಟ್ಟಿದೆ. ಅಮೆರಿಕದಲ್ಲಿ 2002ರ ಜುಲೈನಲ್ಲಿ ಬಂದ ಸಾರ್ಬೇನ್ಸ್–ಆಕ್ಸ್‌ಲಿ ಕಾಯಿದೆಯಂತೆ, ಮುಖ್ಯ ಕಾರ್ಯನಿರ್ವಾಹಕನೂ ಹಣಕಾಸು ಮುಖ್ಯಸ್ಥನೂ ವರದಿಗಳನ್ನು ತಾವೇ ಪರಿಶೀಲಿಸಿದ್ದೇವೆಂದು ಸಹಿ ಹಾಕಬೇಕು. ತಿಳಿದೂ ತಿಳಿದೂ ಸುಳ್ಳಿಗೆ ಸಹಿ ಹಾಕಿದರೆ 20 ವರ್ಷಗಳವರೆಗೆ ಸೆರೆ. ನಮ್ಮ 2013ರ ಕಂಪನಿ ಕಾಯಿದೆ, ತಿಳಿದು ಸುಮ್ಮನಿದ್ದ ಸ್ವತಂತ್ರ ನಿರ್ದೇಶಕನನ್ನು ಮಾತ್ರವಲ್ಲ, ಶ್ರದ್ಧೆಯಿಂದ ವರ್ತಿಸದವನನ್ನೂ ಹೊಣೆಯಾಗಿಸುತ್ತದೆ. ಷೇರುಪೇಟೆಯ ಕಂಪನಿಗಳಲ್ಲಿ ನೌಕರರು ಅಕ್ರಮವನ್ನು ತಿಳಿಸಲು ಒಂದು ವ್ಯವಸ್ಥೆಯಿರಬೇಕೆಂದೂ ವಿಧಿಸಿದೆ. ಆದರೆ ಕಾಗದದ ಮೇಲಿನ ಸಹಿಯೊಂದರಿಂದಲೇ ಆತ್ಮಸಾಕ್ಷಿ ಜಾಗೃತವಾಗುವುದಿಲ್ಲ. ಕೆಟ್ಟ ಸುದ್ದಿ ತಂದವನನ್ನು ಅಟ್ಟುವ ಕಚೇರಿಯಲ್ಲಿ ಯಾವ ಕಾಯಿದೆಯೂ ಸತ್ಯವನ್ನು ಮೇಲಿನ ಮಹಡಿಗೆ ತಲುಪಿಸಲಾರದು.

ಆದುದರಿಂದ ‘ನನಗೆ ತಿಳಿದಿರಲಿಲ್ಲ’ ಎಂದವರ ಮುಂದೆ ಮೂರು ಪ್ರಶ್ನೆಗಳನ್ನಿಡೋಣ. ನಿಮ್ಮ ಬಳಿಗೆ ಕೆಟ್ಟ ಸುದ್ದಿ ತಂದವರಿಗೆ ಏನಾಯಿತು? ನಂಬಲಾಗದ ಫಲಿತಾಂಶ ಬಂದಾಗ ನೀವು ಕೇಳಿದ ಪ್ರಶ್ನೆ ಯಾವುದು? ಆ ಸುಳ್ಳಿನಿಂದ ಬಂದ ಹಣವನ್ನು ನೀವು ಹಿಂದಿರುಗಿಸಿದ್ದೀರಾ? ನಿಜವಾಗಿಯೂ ಮೋಸಹೋದ ಮುಖ್ಯಸ್ಥನಿಗೆ ಈ ಮೂರಕ್ಕೂ ಉತ್ತರವಿರುತ್ತದೆ. ಕಣ್ಣು ಮುಚ್ಚಿಕೊಂಡವನಿಗೆ ಒಂದಕ್ಕೂ ಇರುವುದಿಲ್ಲ.

ಭಕ್ತಿಯ ಹೊರನೋಟಕ್ಕೂ ನಾವು ಮರುಳಾಗಬಾರದು. ಎಬ್ಬರ್ಸ್ ತಮ್ಮ ಚರ್ಚಿನ ಭಾನುವಾರದ ಶಾಲೆಯಲ್ಲಿ ಬೋಧಕರಾಗಿದ್ದರು. ಕೆನೆತ್ ಲೇ ಬ್ಯಾಪ್ಟಿಸ್ಟ್ ಬೋಧಕರೊಬ್ಬರ ಮಗ. ಅವರ ಪ್ರಾರ್ಥನೆ ಕಪಟವೆಂದು ತೀರ್ಪು ಕೊಡಲು ನಾವು ಯಾರೂ ಅಲ್ಲ. ಆದರೆ ದೇವಾಲಯದಲ್ಲಿ ಮೊಣಕಾಲೂರುವುದು ಕಚೇರಿಯಲ್ಲಿ ಲೆಕ್ಕ ನೋಡುವುದಕ್ಕೆ ಬದಲಿಯಾಗದು. ಧರ್ಮಕೇಂದ್ರದ, ಶಾಲೆಯ, ಸಹಕಾರ ಸಂಘದ ಲೆಕ್ಕಪತ್ರಕ್ಕೆ ಓದದೆ ಸಹಿ ಹಾಕುವ ನಮ್ಮೆಲ್ಲರಿಗೂ, ಗುರುಗಳೂ ಸೇರಿದಂತೆ, ಇದೇ ಅಳತೆಗೋಲು ಅನ್ವಯಿಸುತ್ತದೆ.

ಕೊನೆಯದಾಗಿ ತಂದೆತಾಯಂದಿರಿಗೆ ಒಂದು ಮಾತು. ಮಕ್ಕಳಿಗೆ ಕೆಲಸ ಸಿಕ್ಕಾಗ ‘ಮೇಲಿನವರು ಹೇಳಿದಂತೆ ಕೇಳು’ ಎಂದು ಬುದ್ಧಿ ಹೇಳುವುದು ನಮ್ಮ ವಾಡಿಕೆ. ಅದರ ಜೊತೆಗೆ ಇನ್ನೊಂದನ್ನೂ ಕಲಿಸಿ. ಸುಳ್ಳು ಅಂಕಿ ಬರೆಯೆಂದು ಹೇಳಿದರೆ ಬರೆಯಬೇಡ, ಇದೊಂದೇ ಸಲ ಎಂದರೂ ಬರೆಯಬೇಡ. ಮೇಲಧಿಕಾರಿ ‘ಹೇಗೆ ಮಾಡುತ್ತೀಯೋ ಗೊತ್ತಿಲ್ಲ’ ಎಂದಾಗ ವಿನಯದಿಂದಲೇ ಕೇಳಲಿ: ‘ಸಾರ್, ಹೇಗೆ ಮಾಡಬೇಕೆಂಬುದನ್ನು ಬರೆದುಕೊಡಿ.’ ಬರೆದುಕೊಟ್ಟರೆ ತಿಳಿದಿರಲಿಲ್ಲ ಎಂಬ ನೆಪ ಅಲ್ಲಿಯೇ ಮುಗಿಯಿತು. ಬರೆದುಕೊಡಲು ಅವರು ಹಿಂಜರಿದರೆ, ಅವರಿಗೆ ಎಷ್ಟು ತಿಳಿದಿದೆ ಎಂಬುದು ನಮ್ಮ ಮಗುವಿಗೂ ತಿಳಿಯಿತು.